ಮುಂದಿನ ಸಲದ ಸಾರ್

ನಮ್ಮ ಪಿಎಚ್.ಡಿ. ಸಾರ್ ಹೋದ ತಿಂಗಳು ತೀರಿಕೊಂಡರು. ಸುದ್ದಿ ಬಂದ ದಿನ ಆಸ್ಪತ್ರೆಯ ಗೇಟಿನಲ್ಲಿ ನಮ್ಮ ಹಳೆಯ ವಾಚ್‌ಮನ್ ನನ್ನನ್ನು ತಡೆದು, ‘ಪಾಪ, ಬಾಳ ವರ್ಷದಿಂದ ಇತ್ತಲ್ವಾ ಮೇಡಂ, ಅದೇ ಎಳ್ಕೊಂಡ್ ಹೋಯ್ತೇನೋ’ ಎಂದ. ಏನಪ್ಪಾ ಇತ್ತು ಎಂದು ಕೇಳಿದೆ. ‘ಅದೇ, ಪಿಎಚ್‌ಡಿ’ ಎಂದ. ಸಾರ್‌ಗೆ ಇನ್ನೂ ಪಿಎಚ್.ಡಿ. ಮುಗಿದಿಲ್ಲವಂತೆ, ಈ ವರ್ಷವೂ ಮುಗಿಯುವ ಹಾಗೆ ಕಾಣುವುದಿಲ್ಲ ಎಂದು ನಾವೆಲ್ಲ ಗೇಟಿನಲ್ಲಿ ಮಾತಾಡಿಕೊಂಡದ್ದನ್ನು ಕೇಳಿ ಕೇಳಿ ಅವನು ಅದನ್ನೊಂದು ವಾಸಿಯಾಗದ ಕಾಯಿಲೆ ಎಂದೇ ತಿಳಿದುಕೊಂಡಿದ್ದ. ಸಾರ್ ಹೋದದ್ದು ಹೃದಯಾಘಾತದಿಂದ. ಆದರೆ ನಾನು ತಿದ್ದಲು ಹೋಗಲಿಲ್ಲ. ಅವನು ಹೇಳಿದ್ದರಲ್ಲಿ ಅಂಥ ತಪ್ಪೇನೂ ಇರಲಿಲ್ಲ.

ಮೈಸೂರಿನ ಒಂದು ಧರ್ಮಾಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ ನಾನು ವೈದ್ಯೆ. ರಕ್ತ ಕೊಡುವವರನ್ನು ಊರೆಲ್ಲ ಹುಡುಕಿ, ಪುಸಲಾಯಿಸಿ, ಕರೆದು ತರುವುದು ಸಾರ್ ಅವರ ಕೆಲಸ. ಸಮಾಜಶಾಸ್ತ್ರ ಓದಿದವರು. ಜನ ರಕ್ತ ಯಾಕೆ ಕೊಡುತ್ತಾರೆ, ಯಾಕೆ ಕೊಡುವುದಿಲ್ಲ, ಒಮ್ಮೆ ಕೊಟ್ಟವರು ಮತ್ತೆ ಯಾಕೆ ಈ ಕಡೆ ತಲೆ ಹಾಕುವುದಿಲ್ಲ ಎಂಬುದು ಅವರ ಸಂಶೋಧನೆ. ಅವರಿಗೆ ಮಾರ್ಗದರ್ಶನ ಮಾಡಬೇಕಾದ ಪ್ರೊಫೆಸರುಗಳು ಒಬ್ಬರಾದ ಮೇಲೊಬ್ಬರು ನಿವೃತ್ತರಾಗಿ ಮನೆ ಸೇರಿದರು. ಸಾರ್ ಮಾತ್ರ ತಮ್ಮ ಹಳೇ ಸ್ಕೂಟರಿನಲ್ಲಿ, ಭುಜಕ್ಕೊಂದು ಜೋಳಿಗೆ ಹಾಕಿಕೊಂಡು, ಜನರನ್ನು ಪ್ರಶ್ನೆ ಕೇಳುತ್ತಾ ಓಡಾಡುತ್ತಲೇ ಇದ್ದರು.

ಅವರಿಗೆ ಮನುಷ್ಯರ ಮುಖ ಕಾಣುತ್ತಿರಲಿಲ್ಲ, ಮೊಣಕೈಯ ಒಳಮಡಿಕೆ ಕಾಣುತ್ತಿತ್ತು. ಯಾರಾದರೂ ನಮಸ್ಕಾರ ಎಂದು ಕೈ ಮುಗಿದರೆ ಕಣ್ಣು ಸೀದಾ ಅಲ್ಲಿಗೆ ಇಳಿಯುತ್ತಿತ್ತು. ಅಲ್ಲಿ ನರ ದಪ್ಪಗೆ, ಹಸಿರಾಗಿ ಎದ್ದು ಕಂಡರೆ ಮುಖ ಅರಳುತ್ತಿತ್ತು. ಒಮ್ಮೆ ನಮ್ಮಲ್ಲಿಗೆ ಹೊಸ ಆಡಳಿತಾಧಿಕಾರಿ ಬಂದರು, ಬಿಗಿ ಮುಖದ ಹೆಂಗಸು. ಮೊದಲ ದಿನ ಎಲ್ಲರ ಪರಿಚಯ ಮಾಡಿಕೊಳ್ಳುತ್ತಾ ಸಾರ್ ಮುಂದೆ ಬಂದು ನಿಂತರು. ಸಾರ್ ಬಹಳ ಗೌರವದಿಂದ, ‘ಮೇಡಂ, ನಿಮ್ಮ ನರಗಳು ತುಂಬಾ ಚೆನ್ನಾಗಿವೆ’ ಎಂದುಬಿಟ್ಟರು. ಆಕೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. ನಮ್ಮ ವಿಭಾಗದಲ್ಲಿ ಅದು ಮೆಚ್ಚುಗೆಯ ಮಾತು, ಬೇರೆ ಅರ್ಥವಿಲ್ಲ ಎಂದು ನಾನು ಹೋಗಿ ಅರ್ಧ ಗಂಟೆ ಸಮಜಾಯಿಷಿ ಕೊಡಬೇಕಾಯಿತು. ಆಕೆ ಆಮೇಲೆ ರಕ್ತ ಕೊಟ್ಟರೇ ಎಂದರೆ, ಅದನ್ನು ನಾನು ಹೇಳುವ ಹಾಗಿಲ್ಲ. ಯಾಕೆ ಎಂಬುದು ಮುಂದೆ ತಿಳಿಯುತ್ತದೆ.

ಹೆಸರುಗಳೂ ಅವರಿಗೆ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ರಕ್ತದ ಗ್ರೂಪು ಮಾತ್ರ ಮರೆಯುತ್ತಿರಲಿಲ್ಲ. ‘ಕುವೆಂಪುನಗರದ ಎ ಪಾಸಿಟಿವ್ ಸಿಕ್ಕಿದ್ರು ಡಾಕ್ಟ್ರೇ, ಮಗಳು ಬಾಣಂತನಕ್ಕೆ ಬಂದಿದ್ದಾಳಂತೆ’ ಎನ್ನುತ್ತಿದ್ದರು. ಈ ಅಭ್ಯಾಸ ಕೋವಿಡ್ ಕಾಲದಲ್ಲಿ ಒಂದು ಬೀದಿಯನ್ನೇ ಮುಚ್ಚಿಸಿತು. ರಕ್ತಕ್ಕೆ ಬಹಳ ತಾಪತ್ರಯವಿದ್ದ ದಿನಗಳು. ಸಾರ್ ಹೂಟಗಳ್ಳಿಯ ಒಬ್ಬ ಹುಡುಗನಿಗೆ ಫೋನು ಮಾಡಿದರು. ಎತ್ತಿದ್ದು ಅವನ ಅಪ್ಪ. ಕಿವಿ ಸ್ವಲ್ಪ ಮಂದ, ಆದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ‘ನಿಮ್ಮ ಮಗ ಓ ಪಾಸಿಟಿವ್ ತಾನೇ?’ ಎಂದು ಸಾರ್ ಗಟ್ಟಿಯಾಗಿ ಕೂಗಿದರು. ‘ಓ’ ಎಂಬುದು ಗಾಳಿಯಲ್ಲಿ ಹೋಯಿತು, ‘ಪಾಸಿಟಿವ್’ ಬೀದಿಯಲ್ಲಿ ಉಳಿಯಿತು. ಸಂಜೆಯೊಳಗೆ ಬೀದಿಯ ಎರಡೂ ತುದಿಗೆ ಗಳ ಕಟ್ಟಿದರು. ಹಾಲಿನವನು ಪ್ಯಾಕೆಟ್ಟುಗಳನ್ನು ದೂರದಿಂದಲೇ ಎಸೆದು ಹೋದ. ಮಾರನೆಯ ದಿನ ಸಾರ್ ಖುದ್ದಾಗಿ ಹೋಗಿ ಗಳದ ಈಚೆ ನಿಂತು, ರಕ್ತದ ಗುಂಪುಗಳ ಮೇಲೆ ಉಪನ್ಯಾಸ ಕೊಟ್ಟು ಬೀದಿ ಬಿಡಿಸಿದರು. ಮನೆಯಿಂದ ಆಚೆ ಹೋಗಲಾರದ ಅಷ್ಟು ಜನ ಒಟ್ಟಿಗೆ ಸಿಕ್ಕಿ ತಮ್ಮ ಮಾತು ಕೇಳಿದರಲ್ಲ ಎಂದು ಅವರಿಗೆ ಖುಷಿಯೋ ಖುಷಿ.

ಪ್ರಶ್ನೆ ಕೇಳುವುದಕ್ಕೆ ಅವರಿಗೆ ಹೊತ್ತುಗೊತ್ತು ಇರಲಿಲ್ಲ. ಸಿಟಿ ಬಸ್ಸಿನಲ್ಲಿ, ಕಟಿಂಗ್ ಶಾಪಿನಲ್ಲಿ, ದೇವಸ್ಥಾನದ ಪ್ರಸಾದದ ಸಾಲಿನಲ್ಲಿ, ಎಲ್ಲಿ ಬೇಕಾದರೂ ‘ನೀವು ಯಾಕೆ ರಕ್ತ ಕೊಡೋದಿಲ್ಲ?’ ಎಂದು ಪಕ್ಕದವರನ್ನು ಕೇಳುತ್ತಿದ್ದರು. ಪಕ್ಕದವರು ಜಾಗ ಬದಲಿಸುತ್ತಿದ್ದರು. ಉತ್ತರ ಕೊಟ್ಟವರ ಮಾತನ್ನು ಬಂದು ನನಗೆ ಒಪ್ಪಿಸುತ್ತಿದ್ದರು. ನನ್ನ ರಕ್ತ ಕುಡುಕನಿಗೆ ಹೋದರೆ ಅವನು ಕುಡಿದಾಗಲೆಲ್ಲ ನನಗೂ ತಲೆ ತಿರುಗುತ್ತದೆಯೇ ಎಂದು ಕೇಳಿದವರಿದ್ದರು. ನಾನು ಈರುಳ್ಳಿ ಬೆಳ್ಳುಳ್ಳಿ ಮುಟ್ಟುವವಳಲ್ಲ, ತಿನ್ನುವವರ ಮೈಗೆ ನನ್ನದು ಒಗ್ಗುತ್ತದೆಯೇ ಎಂದ ಗೃಹಿಣಿ ಇದ್ದರು. ಮಂಡಕಳ್ಳಿ ಕಡೆಯ ರೈತರೊಬ್ಬರು, ತಾನು ಕೊಟ್ಟದ್ದು ಯಾರಿಗೆ ಹೋಯಿತೆಂದು ಹೇಳಿದರೆ ಒಂದು ಸಲ ಹೋಗಿ ಹೇಗಿದ್ದಾರೆ ಎಂದು ನೋಡಿಕೊಂಡು, ಒಂದಿಷ್ಟು ತರಕಾರಿ ಕೊಟ್ಟು ಬರುತ್ತೇನೆ ಎಂದು ಬಿಡದೆ ಕೇಳಿದರಂತೆ. ಆ ಒಬ್ಬರನ್ನು ಕಂಡರೆ ಸಾರ್‌ಗೆ ಬಹಳ ಪ್ರೀತಿ ಹುಟ್ಟಿತ್ತು.

ಅವರ ತಲೆ ಕೆಡಿಸಿದ್ದು ಹೂಟಗಳ್ಳಿಯ ಒಂದು ಕಾರ್ಖಾನೆಯ ರಕ್ತದಾನದ ಕ್ಯಾಂಪು. ಅಂಗಳದಲ್ಲಿ ಮೇಜು ಹಾಕಿದ್ದೆವು. ರಕ್ತ ತೆಗೆಯುವ ಮುಂಚೆ ನಾನು ಒಬ್ಬೊಬ್ಬರನ್ನೂ ಕೇಳಬೇಕು: ಈಚೆಗೆ ಕಾಮಾಲೆ ಬಂದಿತ್ತೇ, ಯಾವ ಮಾತ್ರೆ ನುಂಗುತ್ತಿದ್ದೀರಿ, ಹಚ್ಚೆ ಹಾಕಿಸಿಕೊಂಡಿದ್ದೀರಾ, ಇನ್ನೂ ನಾಲ್ಕು ಜನರೆದುರು ಕೇಳಲಾಗದ ಪ್ರಶ್ನೆಗಳು. ಸೂಪರ್‌ವೈಸರು ಉತ್ಸಾಹದಿಂದ ನನ್ನ ಪಕ್ಕದಲ್ಲೇ ನಿಂತಿದ್ದ. ಸಾಲಿನಲ್ಲಿದ್ದವರೆಲ್ಲ ಶಾಲೆಯ ಪ್ರಾರ್ಥನೆಯಂತೆ ಒಂದೇ ರಾಗದಲ್ಲಿ ‘ಇಲ್ಲ’ ಎಂದು ಹೇಳಿ ಮಲಗಿ ರಕ್ತ ಕೊಟ್ಟರು. ನಾವು ಗಂಟುಮೂಟೆ ಕಟ್ಟಿ ಹೊರಡುವಾಗ ಒಬ್ಬ ಸಾರ್ ಸ್ಕೂಟರಿನ ಹತ್ತಿರ ಬಂದು, ‘ಸಾರ್, ನಂಗೆ ಮೊನ್ನೆ ಮೊನ್ನೆ ಕಾಮಾಲೆ ಬಂದು ಓಗಿತ್ತು. ಸೂಪರ್‌ವೈಸರ್ ಎದುರ್ಗೆ ಎಂಗೇಳ್ಲಿ?’ ಎಂದ. ಅವನ ರಕ್ತವನ್ನು ಬೇರೆಯಾಗಿ ತೆಗೆದಿಟ್ಟು ಬಿಸಾಡಿದೆವು. ಇವನೇನೋ ಬಂದು ಹೇಳಿದ, ಬಾರದೇ ಹೋದವರು ಎಷ್ಟು ಜನವೋ ಎಂದು ಸಾರ್ ದಾರಿಯುದ್ದಕ್ಕೂ ಗೊಣಗಿದರು.

ಗೊಣಗಲು ಕಾರಣವಿತ್ತು. ರಕ್ತವನ್ನು ನಾವು ಪರೀಕ್ಷೆ ಮಾಡಿಯೇ ಕೊಡುತ್ತೇವೆ. ಆದರೆ ಸೋಂಕು ತಗುಲಿದ ಹೊಸದರಲ್ಲಿ ಅದು ಯಾವ ಪರೀಕ್ಷೆಗೂ ಸಿಕ್ಕದೆ ತಪ್ಪಿಸಿಕೊಳ್ಳಬಹುದು. ಅಷ್ಟು ದಿನ ರೋಗಿಯನ್ನು ಕಾಯುವುದು ರಕ್ತ ಕೊಡುವವನ ಬಾಯಿಂದ ಬರುವ ನಿಜ ಒಂದೇ. ನಮ್ಮಲ್ಲಿಗೆ ತಿಂಗಳು ತಿಂಗಳು ರಕ್ತ ಹಾಕಿಸಿಕೊಳ್ಳಲು ಬರುವ ಮಕ್ಕಳಿದ್ದಾರೆ. ಸಾರ್ ಅವರ ಹತ್ತಿರ ಕೂತು ಕೆಟ್ಟ ಕೆಟ್ಟ ಜೋಕು ಹೇಳುತ್ತಿದ್ದರು. ಹೊರಗೆ ಬಂದು ಒಮ್ಮೆ, ಆ ಮಗು ಬಾಟಲಿ ನೋಡಲಿಲ್ಲ ಡಾಕ್ಟ್ರೇ, ನನ್ನ ಮುಖ ನೋಡಿಕೊಂಡು ಕೈ ಚಾಚಿತು ಎಂದರು. 

ಮುಂದಿನ ಕ್ಯಾಂಪಿಗೆ ಅವರು ಜೋಳಿಗೆಯಿಂದ ಒಂದು ಪರದೆ ತೆಗೆದರು. ಗಿಳಿಹಸಿರು ರೇಷ್ಮೆ, ಒಂದು ಗೇಣು ಕೆಂಪು ಅಂಚು. ಇಷ್ಟು ಚಂದದ ಪರದೆ ಎಲ್ಲಿ ಸಿಕ್ಕಿತು ಎಂದರೆ, ಮನೆಯಲ್ಲಿ ಸುಮ್ಮನೆ ಬಿದ್ದಿತ್ತು ಎಂದರು. ಎರಡು ದಿನದ ಮೇಲೆ ಪತ್ರಿಕೆಯಲ್ಲಿ ಕ್ಯಾಂಪಿನ ಫೋಟೋ ಬಂತು. ಮುಖ್ಯ ಅತಿಥಿಗಳ ಬೆನ್ನ ಹಿಂದೆ ತಮ್ಮ ಗೌರಿಹಬ್ಬದ ಸೀರೆ ಉದ್ದಕ್ಕೆ ತೂಗುತ್ತಿರುವುದನ್ನು ಸಾರ್ ಅವರ ಹೆಂಡತಿ ಕಾಫಿ ಕುಡಿಯುತ್ತಾ ನೋಡಿದರು. ಆಕೆಯನ್ನು ನಾನು ಅಮ್ಮ ಎಂದೇ ಕರೆಯುವುದು. ಅಮ್ಮ ಪತ್ರಿಕೆ ಹಿಡಿದುಕೊಂಡೇ ಆಟೋ ಮಾಡಿಕೊಂಡು ಬ್ಲಡ್ ಬ್ಯಾಂಕಿಗೆ ಬಂದರು. ಬಂದವರು ಸೀರೆಯನ್ನು ಮುಟ್ಟಿ ನೋಡಿ, ಅದರ ಮೇಲಿನ ಟಿಂಚರಿನ ಕಲೆ ನೋಡಿ, ಇನ್ನು ಇದನ್ನು ಉಟ್ಟ ಹಾಗೇ ಇದೆ, ನೀವೇ ಇಟ್ಟುಕೊಳ್ಳಿ ಎಂದು ಹೇಳಿ ಹೋದರು. ಆ ಸೀರೆಯೇ ನಮ್ಮ ಕ್ಯಾಂಪುಗಳ ಕಾಯಂ ಪರದೆಯಾಯಿತು.

ಪರದೆಯ ಜೊತೆಗೆ ಸಾರ್ ಒಂದು ಪದ್ಧತಿಯನ್ನೂ ತಂದರು. ಪ್ರಶ್ನೆ ಕೇಳುವ ಮೇಜು, ಮಲಗುವ ಮಂಚ ಎಲ್ಲ ಸೀರೆಯ ಒಳಗೆ. ಅಲ್ಲಿ ಹೇಳಿದ ಮಾತು ಹೊರಗೆ ಹೋಗಕೂಡದು. ಯಾರ ರಕ್ತ ಬೇಡವೋ ಅವರು ಕೂಡ ಕೊಟ್ಟವರಷ್ಟೇ ಹೊತ್ತು ಒಳಗೆ ಕೂತಿದ್ದು, ಮೊಣಕೈಗೆ ಹತ್ತಿ ಇಟ್ಟು ಪ್ಲಾಸ್ಟರ್ ಹಚ್ಚಿಸಿಕೊಂಡು, ಕೈಯಲ್ಲಿ ಮಾವಿನ ಜ್ಯೂಸು, ಬಿಸ್ಕತ್ತು ಹಿಡಿದು ಹೊರಗೆ ಬರಬೇಕು. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂದು ಹೊರಗಿನವರಿಗೆ ಗೊತ್ತಾಗುವ ಹಾಗಿಲ್ಲ. ಇನ್ನೊಂದು, ‘ರಿಜೆಕ್ಟ್’ ಎಂಬ ಪದವನ್ನು ನಮ್ಮಲ್ಲಿ ಯಾರೂ ಬಾಯಲ್ಲಿ ಆಡಕೂಡದು. ‘ಮುಂದಿನ ಸಲ’ ಎನ್ನಬೇಕು. ರಿಜೆಕ್ಟ್ ಅಂದರೆ ಮನುಷ್ಯ ಮುದುಡಿ ಹೋಗುತ್ತಾನೆ, ಮುಂದಿನ ಸಲ ಅಂದರೆ ಕಾಯುತ್ತಾನೆ ಎನ್ನುವುದು ಅವರ ವಾದ. ಇನ್ನೆಂದೂ ಕೊಡಲಾಗದವರಿಗೆ ಬೇರೆ ದಿನ ಕರೆದು, ಕೂರಿಸಿ, ನಿಧಾನವಾಗಿ ತಿಳಿಸಿ ಹೇಳಬೇಕೆಂದೂ ಇತ್ತು.

ಜ್ಯೂಸಿನ ಆಸೆಗೆ ಒಬ್ಬ ಯಜಮಾನರು ಕುವೆಂಪುನಗರದಲ್ಲಿ ನಾವು ಎಲ್ಲೇ ಕ್ಯಾಂಪು ಹಾಕಿದರೂ ಹಾಜರಾಗುತ್ತಿದ್ದರು. ಸೀರೆಯ ಒಳಗೆ ಬಂದು ತಮ್ಮ ಕಾಯಿಲೆಗಳನ್ನೆಲ್ಲ ಪ್ರಾಮಾಣಿಕವಾಗಿ ಹೇಳಿ, ಪ್ಲಾಸ್ಟರ್ ಹಚ್ಚಿಸಿಕೊಂಡು, ಬಿಸ್ಕತ್ತು ತಿಂದು ಹೋಗುತ್ತಿದ್ದರು. ಇದೇನು ಸಾರ್, ಧರ್ಮಛತ್ರವೇ ಎಂದು ನಾನು ರೇಗಿದರೆ, ಸುಳ್ಳು ಹೇಳಿ ರಕ್ತ ಕೊಡುವವರಿಗಿಂತ ನಿಜ ಹೇಳಿ ಬಿಸ್ಕತ್ತು ತಿನ್ನುವವರು ಎಷ್ಟೋ ವಾಸಿ ಎಂದು ಅವರಿಗೆ ಇನ್ನೊಂದು ಪ್ಯಾಕೆಟ್ಟು ಕೊಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಆದರೆ ಈ ಪದ್ಧತಿ ಶುರುವಾದ ಮೇಲೆ ನನ್ನ ಮೇಜಿನ ಮುಂದೆ ಜನ ತಡವರಿಸುತ್ತಾ ನಿಜ ಹೇಳತೊಡಗಿದ್ದು ಮಾತ್ರ ಹೌದು. ಇಷ್ಟಾದರೂ ಸಾರ್ ತಮ್ಮ ಪ್ರಬಂಧದಲ್ಲಿ ಒಂದು ಮಾತನ್ನು ಘಂಟಾಘೋಷವಾಗಿ ಬರೆದಿದ್ದರು: ಹೊರಗೆ ನೆಂಟರು ಕಾಯುತ್ತಾ ಕೂತಿದ್ದರೆ ಯಾವ ಪರದೆ ಕಟ್ಟಿದರೂ ಯಾವನೂ ನಿಜ ಹೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ಇಂಥವರ ಒಬ್ಬಳೇ ಮಗಳಿಗೆ ಮದುವೆ ಗೊತ್ತಾಯಿತು. ಹುಡುಗ ಮಂಡಕಳ್ಳಿ ಕಡೆಯವನು. ಮೊದಲು ಬೇಸಾಯದ ಮನೆ, ಈಗ ವಿಮಾನ ನಿಲ್ದಾಣದಿಂದ ಟ್ಯಾಕ್ಸಿ ಓಡಿಸುವ ವ್ಯವಹಾರ. ಕುವೆಂಪುನಗರದಲ್ಲಿ ಕಲ್ಯಾಣಮಂಟಪ. ಮಗಳ ಮದುವೆಯಲ್ಲಿ ಉಡುಗೊರೆ ಬೇಡ, ರಕ್ತದ ಕ್ಯಾಂಪು ಇಡೋಣ ಎಂದು ಸಾರ್ ಹೊರಟರು. ಮದುವೆ ಮನೆಯಲ್ಲಿ ರಕ್ತದ ಮಾತೇ ಎತ್ತಬೇಡಿ ಎಂದು ಅಮ್ಮ ಮಾತು ಬಿಟ್ಟು ಕೂತರು. ಕೊನೆಗೆ, ಧಾರೆಯ ದಿನ ಬೇಡ, ಹಿಂದಿನ ದಿನ ಮಧ್ಯಾಹ್ನ, ಆರತಕ್ಷತೆಗೆ ಮುಂಚೆ, ಊಟದ ಹಾಲಿನ ಪಕ್ಕದ ಕೋಣೆಯಲ್ಲಿ ಎಂದು ರಾಜಿಯಾಯಿತು. ನಾನು ನೆಂಟಳಾಗಿ ರೇಷ್ಮೆ ಸೀರೆ ಉಟ್ಟುಕೊಂಡು ಹೋದವಳು ಅದರ ಮೇಲೆ ಬಿಳಿ ಕೋಟು ಹಾಕಿಕೊಂಡು ಕೂತೆ.

ಗಂಡಿನ ಕಡೆಯವರು ಬಂದಿಳಿದು ಕಾಫಿ ಆದ ಕೂಡಲೇ ಮದುಮಗ ಕೋಣೆಗೆ ಬಂದ. ಮಾವನವರ ಕ್ಯಾಂಪು, ತಾನೇ ಮೊದಲು ಕೊಡಬೇಕು ಎಂದು ಅವನ ಹಟ. ಒಳ್ಳೆ ನಗುಮುಖದ ಹುಡುಗ, ನರಗಳೂ ಒಳ್ಳೆಯವೇ. ಸೀರೆಯ ಒಳಗೆ ಕೂರಿಸಿ ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನು ಕೇಳಿದೆ. ಒಂದು ಪ್ರಶ್ನೆಗೆ ಅವನು ನೆಲ ನೋಡುತ್ತಲೇ ನಿಜ ಹೇಳಿದ.  ಏನು ಹೇಳಿದ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಓದುವವರೂ ಕೇಳಬಾರದು. ಮುಂದಿನ ಸಲ ಕೊಡಿ ಎಂದೆ. ಸಂಪ್ರದಾಯದ ಪ್ರಕಾರ ಒಂದಷ್ಟು ಹೊತ್ತು ಕೂರಿಸಿ, ಪ್ಲಾಸ್ಟರ್ ಹಚ್ಚಿ, ಜ್ಯೂಸು ಕೊಟ್ಟು ಕಳಿಸಿದೆ.

ಬಾಗಿಲಲ್ಲೇ ಸೋದರಮಾವ ನಿಂತಿದ್ದರು. ಅಮ್ಮನ ಅಣ್ಣ. ದೊಡ್ಡ ಗಂಟಲಿನ ಮನುಷ್ಯ, ಮೈಕು ಬೇಡ. ಕೊಟ್ಟಿರಾ ಅಳಿಯಂದಿರೇ ಎಂದು ಬೆನ್ನು ತಟ್ಟಿದರು. ಹುಡುಗ ಪ್ಲಾಸ್ಟರ್ ತೋರಿಸಿ ಸುಮ್ಮನೆ ನಕ್ಕಿದ್ದರೆ ಆಗುತ್ತಿತ್ತು. ಅಷ್ಟಕ್ಕೇ ತಾನೇ ಪ್ಲಾಸ್ಟರ್ ಇರುವುದು. ಆದರೆ ಸುಳ್ಳು ಬಾರದ ಆ ಮಹರಾಯ, ‘ಇಲ್ಲ, ನಂಗೆ ಮುಂದಿನ ಸಲ ಅಂದ್ರು’ ಎಂದುಬಿಟ್ಟ.

‘ಮುಂದಿನ ಸಲನಾ? ಯಾವ ಮುಂದಿನ ಸಲ? ಇನ್ನೊಂದ್ ಮದ್ವೆ ಬೇರೆ ಆಗ್ತೀರಾ?’ ಎಂದರು ಸೋದರಮಾವ. 

ಅಷ್ಟು ಸಾಕಾಯಿತು. ಊಟದ ಹಾಲಿನಲ್ಲಿ ಬೋಂಡ ಬಡಿಸುವ ಹೊತ್ತಿಗೆ ಹುಡುಗನಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಕಾಫಿ ಬರುವ ಹೊತ್ತಿಗೆ ಹೃದಯದಲ್ಲಿ ತೂತಾಗಿತ್ತು. ಜಾತಕ ಕೂಡಿಬಂದಿತ್ತು, ಗ್ರೂಪು ಕೂಡಲಿಲ್ಲವಂತೆ ಎಂದರು ಒಬ್ಬರು. ಸೂಜಿ ಚುಚ್ಚಿದರೆ ಒಂದು ತೊಟ್ಟೂ ಬರಲಿಲ್ಲವಂತೆ, ಹುಡುಗನಿಗೆ ರಕ್ತವೇ ಇಲ್ಲವಂತೆ ಎಂದು ಒಬ್ಬ ಅಜ್ಜಿ ಕಣ್ಣೊರೆಸಿಕೊಂಡರು. ಅಡಿಗೆಯವರು ಬಂದು ರಾತ್ರಿಯ ಅನ್ನಕ್ಕೆ ಅಕ್ಕಿ ತೊಳೆಯಬೇಕೋ ಬೇಡವೋ ಎಂದು ಕೇಳಿದರು. ಅದನ್ನು ಕೇಳಿದ ಮೇಲೆ ಅಮ್ಮ ಸಾರ್ ಅವರನ್ನು ಹುಡುಕಿಕೊಂಡು ಹೊರಟರು.

ಸುದ್ದಿ ಗಂಡಿನ ಕಡೆಗೂ ಮುಟ್ಟಿತು. ಬೀಗರು ಎದ್ದು ಹಾಲಿನ ನಡುವೆ ಬಂದು ನಿಂತರು. ಎತ್ತರದ ಆಳು. ಕೂಗಾಡಲಿಲ್ಲ, ಅದಕ್ಕೇ ಹೆಚ್ಚು ಭಯವಾಯಿತು. ‘ನಮ್ ಹುಡುಗನ್ ರಕ್ತ ಪರೀಕ್ಷೆ ಮಾಡ್ಸಕ್ಕೆ ಇಷ್ಟೆಲ್ಲ ನಾಟ್ಕ ಬೇಕಿತ್ತಾ ಸ್ವಾಮಿ? ಬಾಯ್ಬುಟ್ಟು ಕೇಳಿದ್ರೆ ನಾವೇ ಮಾಡ್ಸಿ ತತ್ತಿರ್ಲಿಲ್ವಾ?’ ಎಂದರು. ಗಾಡಿ ತಿರುಗಿಸಲು ಅವರ ಕಡೆಯ ಹುಡುಗರು ಆಗಲೇ ಹೊರಗೆ ಹೋಗಿದ್ದರು. ಇತ್ತ ಹೆಣ್ಣಿನ ಕಡೆಯವರು, ಕಾರಣ ಹೇಳದೆ ಧಾರೆ ಎರೆಯುವುದು ಹೇಗೆ ಎಂದು ಪಟ್ಟು ಹಿಡಿದರು. ಹುಡುಗ ಎದ್ದು ಏನೋ ಹೇಳಲು ಹೋದ. ನೀನು ಸುಮ್ಮನಿರು, ಈ ಜನರ ಮುಂದೆ ಒಂದು ಮಾತೂ ಆಡಕೂಡದು ಎಂದು ಬೀಗರು ಅವನನ್ನು ಗದರಿಸಿ ಕೂರಿಸಿದರು.

‘ಒಳಗೋಗಿ ಡಾಕ್ಟ್ರಮ್ಮನ್ನ ಕೇಳ್ಕೊಂಡ್ ಬನ್ನಿ’ ಎಂದು ಅಮ್ಮ ಸಾರ್ ಕೈ ಹಿಡಿದುಕೊಂಡರು. ‘ನೀವು ಅಪ್ಪ ಕಣ್ರೀ. ನಿಮಗೆ ಹೇಳ್ದೆ ಇರ್ತಾರಾ?’

ಸಾರ್ ಸೀರೆ ಸರಿಸಿಕೊಂಡು ಒಳಗೆ ಬಂದರು. ಮದುವೆಗೆಂದು ಹೊಲಿಸಿದ ಹೊಸ ಜುಬ್ಬ ಬೆವರಿನಲ್ಲಿ ಬೆನ್ನಿಗೆ ಅಂಟಿತ್ತು. ನನ್ನ ಎದುರಿನ ಕುರ್ಚಿಯಲ್ಲಿ ಕೂತರು. ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ. ನಾನು ಒಂದು ವಾಕ್ಯ ಹೇಳಿದರೆ ಎಲ್ಲ ತಣ್ಣಗಾಗುತ್ತದೆಯೋ, ಇನ್ನಷ್ಟು ಹೊತ್ತಿಕೊಳ್ಳುತ್ತದೆಯೋ ಎಂದು ಯೋಚಿಸುತ್ತಾ ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

‘ಬೇಡ ಡಾಕ್ಟ್ರೇ. ನೀವು ಹೇಳ್ಬಾರ್ದು, ನಾನು ಕೇಳ್ಬಾರ್ದು. ಸ್ವಲ್ಪ ಹೊತ್ತು ಇಲ್ಲಿ ಕೂತಿದ್ದು ಹೋಗ್ತೀನಿ.’

ಹೊರಗೆ ಮದುವೆ ಮುರಿಯುವುದರಲ್ಲಿದೆ ಸಾರ್ ಎಂದೆ.

‘ಗೊತ್ತು. ಆದ್ರೆ ನೋಡಿ, ಮಾವ, ಅತ್ತೆ, ಇಡೀ ಛತ್ರ ಬಾಗಿಲಲ್ಲಿ ಕಾಯ್ತಾ ಕೂತಿತ್ತು. ಅಂಥಾದ್ರಲ್ಲೂ ಆ ಹುಡುಗ ನಿಮ್ಮ ಮುಂದೆ ನಿಜ ಹೇಳ್ದ. ಹೊರಗೆ ಬಂದು ಅಲ್ಲೂ ನಿಜ ಹೇಳ್ದ. ನಾನು ಇಷ್ಟು ವರ್ಷ ಊರೆಲ್ಲ ಸುತ್ತಿದ್ದೀನಿ, ಇಂಥೋನು ಒಬ್ಬ ಸಿಕ್ಕಿರ್ಲಿಲ್ಲ. ಅಳಿಯನ ಬಗ್ಗೆ ನಂಗೆ ಇನ್ನೇನು ಗೊತ್ತಾಗ್ಬೇಕು?’

ಹಾಗೆಂದವರು ಜ್ಯೂಸು ತೆಗೆದುಕೊಂಡು ಕುಡಿದರು. ಒಂದಷ್ಟು ಜುಬ್ಬದ ಮೇಲೆ ಚೆಲ್ಲಿತು. ಮೊಣಕೈ ಚಾಚಿ ತಮಗೂ ಪ್ಲಾಸ್ಟರ್ ಹಚ್ಚಿ ಎಂದರು. ಹಚ್ಚಿದೆ. ಎದ್ದು ಹೊರಗೆ ಹೋದರು. ಸೀರೆಯ ಸಂದಿನಿಂದ ನಾನು ನೋಡುತ್ತಲೇ ಇದ್ದೆ.

‘ಒಳಗೆ ಹೋಗ್ಬಂದೆ. ನಂಗೆ ಪೂರ್ತಿ ಒಪ್ಪಿಗೆ. ಧಾರೆ ನಡೀಲಿ’ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಏನಂತೆ ಎಂದರು ಅಮ್ಮ. ‘ಅದನ್ನ ಹೇಳೋ ಹಾಗಿಲ್ಲ’ ಎಂದರು ಸಾರ್. ಒಂದಕ್ಷರ ಸುಳ್ಳಿಲ್ಲ ನೋಡಿ. ಆಮೇಲೆ ಬೀಗರ ಹತ್ತಿರ ಹೋಗಿ, ಇದನ್ನು ಪರೀಕ್ಷೆ ಅಂತ ತಿಳಿದಿದ್ದರೆ ಆ ಪರೀಕ್ಷೆ ನಮ್ಮಿಬ್ಬರಿಗೂ ಆಗಲಿ ಬನ್ನಿ ಎಂದು ಕೈ ಹಿಡಿದು ಸೀರೆಯ ಒಳಗೆ ಕರೆತಂದರು. ಬೀಗರು ಮುಖ ಗಂಟಿಕ್ಕಿಕೊಂಡೇ ಬಂದು ಕೂತರು. ನನ್ನ ಮೊದಲ ಎರಡು ಪ್ರಶ್ನೆಗೆ ಗತ್ತಿನಿಂದ ಉತ್ತರ ಕೊಟ್ಟರು. ಮೂರನೆಯದಕ್ಕೆ ಗತ್ತು ಸ್ವಲ್ಪ ಇಳಿಯಿತು. ಅವರು ಕೊಟ್ಟರೋ ಇಲ್ಲವೋ ಕೇಳಬೇಡಿ. ಪ್ಲಾಸ್ಟರ್ ಹಚ್ಚಿಸಿಕೊಂಡು ಹೊರಗೆ ಹೋಗುವಾಗ, ಒಳಗೆ ಆಡಿದ ಮಾತು ಒಳಗೇ ಇರುತ್ತದೆ ತಾನೇ ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಹೊರಗೆ ಹೋಗಿ, ಹುಡುಗರಿಗೆ ಗಾಡಿ ನಿಲ್ಲಿಸಲು ಹೇಳಿ, ಇದು ಬಹಳ ಒಳ್ಳೇ ಏರ್ಪಾಡು, ಎಲ್ಲರೂ ಒಂದೊಂದು ಸಲ ಹೋಗಿ ಬರಬೇಕು ಎಂದು ಅಪ್ಪಣೆ ಮಾಡಿದರು.

ಮೊದಲು ತಳ್ಳಿದ್ದು ಸೋದರಮಾವನನ್ನು. ಅವರ ವಿಚಾರವನ್ನೂ ನಾನು ಬಾಯಿ ಬಿಡುವುದಿಲ್ಲ. ಹೊರಗೆ ಬಂದ ಮೇಲೆ ಮದುವೆ ಮುಗಿಯುವವರೆಗೂ ಅವರ ಗಂಟಲು ಏಳಲಿಲ್ಲ ಎಂದಷ್ಟೇ ಹೇಳಬಲ್ಲೆ. ಅವರ ಹಿಂದೆ ಚಿಕ್ಕಪ್ಪಂದಿರು, ಭಾವಂದಿರು, ಫೋಟೋದವರು, ಪುರೋಹಿತರು, ವಾಲಗದವರು ಎಲ್ಲರೂ ಬಂದರು. ಆ ಮದುವೆಯ ಆಲ್ಬಮ್ ನೋಡಬೇಕು ನೀವು. ಹಾರಕ್ಕಿಂತ ಪ್ಲಾಸ್ಟರೇ ಹೆಚ್ಚು ಕಾಣುತ್ತದೆ. ಯಾವುದೋ ಅಪಘಾತದಿಂದ ಪಾರಾದವರೆಲ್ಲ ಸೇರಿ ಮದುವೆ ಮಾಡಿದ ಹಾಗಿದೆ. ಧಾರೆಯೂ ಆಯಿತು, ಮೂರನೇ ದಿನ ಬೀಗರೂಟವೂ ಆಯಿತು, ನಾನೇ ಎರಡು ಸಲ ಮುದ್ದೆ ಹಾಕಿಸಿಕೊಂಡು ಉಂಡೆ.

ಮಗಳು ಎಷ್ಟೋ ದಿನದ ಮೇಲೆ ನನಗೆ ಹೇಳಿದ್ದು: ಕೆಳಗೆ ಅಷ್ಟು ರಂಪವಾಗುವಾಗ ಅವಳು ಮಹಡಿಯ ಕೋಣೆಯಿಂದ ಹುಡುಗನಿಗೆ ಫೋನು ಮಾಡಿ, ಏನು ಕಾರಣ ಎಂದು ಕೇಳಿದ್ದಳಂತೆ. ಅವನು ಒಂದು ಮೂಲೆಗೆ ಹೋಗಿ ಹೇಳಿದನಂತೆ. ಅಷ್ಟೇನಾ ಎಂದು ಅವಳು ಮತ್ತೆ ಜಡೆ ಹಾಕಿಸಿಕೊಳ್ಳಲು ಕೂತಳಂತೆ. ಅವಳನ್ನು ಒಂದು ಮಾತು ಕೇಳಬೇಕೆಂದು ಆ ಛತ್ರದಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ, ಸಂಶೋಧಕರಾದ ಸಾರ್‌ಗೂ ಸಹ. ಅಮ್ಮ ಆಮೇಲೆ ಅವಳನ್ನು ಪೀಡಿಸಿದಾಗಲೆಲ್ಲ, ಅಪ್ಪನಿಗೆ ಗೊತ್ತಲ್ಲ, ಅಪ್ಪನನ್ನೇ ಕೇಳು ಎಂದು ಜಾರಿಕೊಳ್ಳುತ್ತಿದ್ದಳು.

ಪಿಎಚ್.ಡಿ. ಮುಗಿಯದೇ ಹೋದದ್ದೂ ಈ ಅಳಿಯನ ದೆಸೆಯಿಂದಲೇ. ನೆಂಟರು ಕಾಯುತ್ತಿದ್ದರೆ ಯಾವನೂ ನಿಜ ಹೇಳುವುದಿಲ್ಲ ಎಂದು ಅಷ್ಟು ವರ್ಷ ಕಟ್ಟಿದ ಸಿದ್ಧಾಂತವನ್ನು ಅವನೊಬ್ಬ ಒಂದು ಮಧ್ಯಾಹ್ನದಲ್ಲಿ ಕೆಡವಿದ್ದ. ಅವನನ್ನು ಬಿಟ್ಟು ಬರೆದುಬಿಡಿ ಸಾರ್, ಯಾರಿಗೆ ಗೊತ್ತಾಗುತ್ತದೆ ಎಂದು ನಾನು ಹೇಳಿದೆ. ಎಲ್ಲರ ಹತ್ತಿರ ನಿಜ ಕೇಳಿಕೊಂಡು ಬಂದು ನಾನೇ ಸುಳ್ಳು ಬರೆಯಲೇ ಎಂದು ಬೈದು, ಮತ್ತೆ ಮೊದಲಿನಿಂದ ಶುರು ಮಾಡಿದರು. ಆ ಬೈಗುಳ ಈಗಲೂ ಕಿವಿಯಲ್ಲಿದೆ. ಅವರಿಲ್ಲದ ಬ್ಲಡ್ ಬ್ಯಾಂಕು ನನಗೆ ಬಹಳ ಬೇಸರ.

ತಿಥಿಯ ದಿನ ಅವರ ಮನೆಗೆ ಹೋಗಿದ್ದೆ. ಅಳಿಯನೇ ಓಡಾಡಿ ಎಲ್ಲ ನೋಡಿಕೊಳ್ಳುತ್ತಿದ್ದ. ಊಟವಾದ ಮೇಲೆ ಅಮ್ಮ ನನ್ನನ್ನು ಅಡಿಗೆಮನೆಗೆ ಕರೆದು ಬಾಗಿಲು ಮುಂದಕ್ಕೆ ಹಾಕಿದರು.

‘ನೋಡು ಕಣಮ್ಮ, ಅಳಿಯನ ಮೇಲೆ ನಂಗೆ ಒಂದು ಚೂರೂ ಅನುಮಾನ ಇಲ್ಲ, ಚಿನ್ನದಂಥ ಹುಡುಗ. ಅವನು ಅವತ್ತು ಏನಂದ ಅಂತ ನಂಗೆ ಬೇಡ. ಆದ್ರೆ ಇವರಿಗೆ ಗೊತ್ತಿತ್ತಲ್ಲ, ನನ್ನ ಹತ್ರ ಒಂದು ದಿನ ಬಾಯ್ಬಿಡ್ಲಿಲ್ಲ. ಕೇಳಿದಾಗೆಲ್ಲ ಹೇಳೋ ಹಾಗಿಲ್ಲ, ಹೇಳೋ ಹಾಗಿಲ್ಲ. ಹೆಂಡ್ತೀನೂ ಹೊರಗಿನೋಳಾ? ಅದೊಂದು ಉಳ್ಕೊಂಡ್ಬಿಟ್ಟಿದೆ ನಂಗೆ.’ ಆಕೆಯ ಕಣ್ಣು ತುಂಬಿಕೊಂಡಿತ್ತು.

ಹುಡುಗ ಹೇಳಿದ ಮಾತು ನಾನು ಹೇಳುವಂಥದ್ದಲ್ಲ. ಆದರೆ ಸಾರ್ ರಕ್ತ ಕೊಡಲು ಬಂದವರಲ್ಲ, ಅವರು ಆ ಸೀರೆಯ ಒಳಗೆ ಏನು ಮಾಡಿದರು ಎಂದು ಹೇಳಲು ಯಾವ ನಿಯಮವೂ ಅಡ್ಡ ಬರುವುದಿಲ್ಲ ಎಂದು ನನಗೆ ಅನ್ನಿಸಿತು. ‘ಅಮ್ಮ, ಸಾರ್ ನನ್ನನ್ನ ಕೇಳಲೇ ಇಲ್ಲ. ಜ್ಯೂಸು ಕುಡಿದು ಎದ್ದು ಹೋದ್ರು, ಅಷ್ಟೇ. ಅವರಿಗೂ ಗೊತ್ತಿರಲಿಲ್ಲ’ ಎಂದೆ.

 ಅಮ್ಮನಿಗೆ ನಗು ಬಂತು. ಹಾಲಿನಲ್ಲಿ ಜನ ಕೂತಿದ್ದರೆಂದು ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ಕಣ್ಣಿಂದ ನೀರು ಸುರಿಯುತ್ತಿರುವಂತೆಯೇ ಕೇಳಿದರು: ‘ಅಲ್ಲ ಕಣಮ್ಮ, ಗೊತ್ತೇ ಇಲ್ದೇ ಇರೋದನ್ನ ಇಷ್ಟು ವರ್ಷ ನನ್ನ ಹತ್ರ ಬಚ್ಚಿಟ್ಟಿದ್ರಾ?’